ಸಂತೆ ಮಾಳದ ಜಪಾನಿನಲ್ಲಿ ಬಾಣಂತನ

ಚಿಕ್ಕಬಳ್ಳಾಪುರದ ಹಳೇ ಸಂತೆ ಮಾಳದಲ್ಲಿ ಹನ್ನೊಂದು ಎಕರೆ ಹದಿನಾಲ್ಕು ಗುಂಟೆಯಷ್ಟು ಜಪಾನ್ ದೇಶ ಇದೆ. ಇದು ನಡೆದ ಸಂಗತಿ. ಬೇಕಾದವರು ಹೋಗಿ ನೋಡಬಹುದು, ಮಂಗಳವಾರ ರಜ. ಮೊದಲು ಅಲ್ಲಿ ಕುರಿ ಸಂತೆ ಸೇರುತ್ತಿತ್ತು. ಆಮೇಲೆ ಜಪಾನಿ ಮಾದರಿ ಸಾರ್ವಜನಿಕ ಉದ್ಯಾನ ಅನುಷ್ಠಾನ ಸಮಿತಿ ಅಂತ ಒಂದು ಸಮಿತಿ ಆಯಿತು. ಸಮಿತಿಯ ಏಳು ಜನ ಜಪಾನಿಗೆ ಹೋಗಿ ಒಂಬತ್ತು ದಿವಸ ಅಧ್ಯಯನ ಮಾಡಿ, ಬರುವಾಗ ತಲೆಗೊಂದು ಕೊಡೆ ತಂದರು. ಅಷ್ಟು ದೂರದಿಂದ ಕೊಡೆ ತಂದ ಮೇಲೆ ತೋಟ ಮಾಡದೆ ಇರೋದಕ್ಕೆ ಆಗುತ್ತದೆಯೇ? ಮಾಡಿದರು.

ತೋಟದಲ್ಲಿ ಒಂದು ಕೊಳ, ಕೊಳದಲ್ಲಿ ಕೆಂಪು ಮೀನು, ಅದರ ಮೇಲೆ ಬಾಗಿದ ಸೇತುವೆ, ಅಲ್ಲಲ್ಲಿ ಕಲ್ಲಿನ ದೀಪ. ಒಂದು ಕಡೆ ಬರೀ ಬಿಳಿ ಜಲ್ಲಿ ಹರವಿ, ಅದರ ಮೇಲೆ ಹಲ್ಲಿನ ಗುದ್ದಲಿಯಲ್ಲಿ ಗೆರೆ ಎಳೆದಿದ್ದಾರೆ. ನಡುವೆ ಒಂದು ಮರದ ಮನೆ. ಅದರ ಹೆಸರು ಚಹಾ ಮನೆ. ಚಹಾ ಮಾತ್ರ ಸಿಗುತ್ತಿರಲಿಲ್ಲ, ಯಾಕೆಂದರೆ ಚಹಾ ಕೊಡುವವರ ನೇಮಕಾತಿ ಆಗಿರಲಿಲ್ಲ. ಬಾಗಿಲಲ್ಲಿ ಬೋರ್ಡು ಹೀಗಿದೆ:

"ಸಾರ್ವಜನಿಕರ ಗಮನಕ್ಕೆ. ಉದ್ಯಾನದಲ್ಲಿ ಮೌನವಾಗಿ ಸಂತೋಷಪಡತಕ್ಕದ್ದು. ಬಿಳಿ ಜಲ್ಲಿಯು ಸಮುದ್ರವಾಗಿರುವುದರಿಂದ ಅದರಲ್ಲಿ ಕಾಲಿಡಕೂಡದು. ಸೇತುವೆಯ ಮೇಲೆ ನಿಂತು ಎರಡು ನಿಮಿಷ ಮೀರದಂತೆ ಚಿಂತನೆ ಮಾಡಬಹುದು. ಕಡಲೆಕಾಯಿ ನಿಷೇಧಿಸಿದೆ."

ಈ ಜಪಾನಿಗೆ ಗೋಡೆಗೆ ಗೋಡೆ ಅಂಟಿಕೊಂಡಿದ್ದು ಅಮ್ಮಾಜಮ್ಮನ ಮನೆ. ಮುಂದೆ ನಡುಮನೆ, ಪಕ್ಕಕ್ಕೆ ಅಡುಗೆಮನೆ, ಹಿಂದೆ ಒಂದು ಕೋಣೆ, ಅಷ್ಟೇ. ಬೋರ್‌ವೆಲ್‌ನಿಂದ ಕೊಳಕ್ಕೆ ನೀರು ಒಯ್ಯುವ ಪೈಪು ಆ ಹಿಂದಿನ ಕೋಣೆಯ ಗೋಡೆ ಪಕ್ಕದಲ್ಲೇ ಹಾದುಹೋಗಿತ್ತು. ಹಾದುಹೋಗುವಾಗ ಒಂದು ಕಡೆ ಸೋರುತ್ತಿತ್ತು. ಗೋಡೆ ನೆನೆದು, ಸುಣ್ಣ ಉದುರಿ, ಒಳಗೂ ಹೊರಗೂ ಒಂದೇ ಸಮ ತಣ್ಣಗಾಗಿತ್ತು.

ಬೇರೆ ಕಾಲದಲ್ಲಾಗಿದ್ದರೆ ಆಯಮ್ಮ ಸುಮ್ಮನಿರುತ್ತಿದ್ದಳೋ ಏನೋ. ಆದರೆ ಮಗಳು ಶಿರೀಷಾಗೆ ಆಗ ಐದು ತಿಂಗಳು. ಅವಳನ್ನು ಗೌರಿಬಿದನೂರಿಗೆ ಕೊಟ್ಟಿದ್ದು, ಅಲ್ಲೇ ಹೈಸ್ಕೂಲಿನಲ್ಲಿ ಟೀಚರು. ಮೊದಲನೇ ಬಾಣಂತನ ತವರಿನಲ್ಲೇ ಆಗಬೇಕು. ಬಾಣಂತಿ ಮಲಗಬೇಕಾದದ್ದು ಆ ಹಿಂದಿನ ಕೋಣೆಯಲ್ಲೇ.

ಆ ಬೀದಿಯ ಬಾಣಂತಿಯರಿಗೆಲ್ಲ ಎಣ್ಣೆ ಹಚ್ಚಿ ನೀರು ಹಾಕುವವಳು ಪೆದ್ದಮ್ಮ. ಅವಳನ್ನು ಕರೆಸಿ ಕೋಣೆ ತೋರಿಸಿದ್ದಾಯಿತು. ಪೆದ್ದಮ್ಮ ಗೋಡೆಗೆ ಅಂಗೈ ಒತ್ತಿ, ಅಂಗೈ ಮೂಸಿ ನೋಡಿದಳು.

"ಅಮ್ಮಾಜಿ, ಇದು ರೂಮಲ್ಲ ಕಣೇ, ಬಾವಿ. ಇದ್ರಲ್ಲಿ ಬಾಣಂತಿನ ಮಲಗಿಸಿದ್ರೆ ಕೂಸಿಗೆ ಹೆಸರಿಡೋಕೆ ಮುಂಚೆ ನೆಗಡಿ ಬರ್ತದೆ. ನಾನಂತೂ ಇಲ್ಲಿ ನೀರು ಹಾಕಾಕಿಲ್ಲಮ್ಮ, ನನ್ನ ಹೆಸರು ಕೆಡ್ತದೆ."

ಈ ಮಾತು ಅವತ್ತು ಸಂಜೆ ಹೊತ್ತಿಗೆ ಗೌರಿಬಿದನೂರು ಮುಟ್ಟಿತು. ಯಾರು ಮುಟ್ಟಿಸಿದರು ಅಂತ ಪೆದ್ದಮ್ಮನನ್ನು ಕೇಳಿ ಪ್ರಯೋಜನ ಇಲ್ಲ. ಬೀಗಿತಿ ಆದಿಲಕ್ಷ್ಮಮ್ಮನವರೇ ಫೋನ್ ಮಾಡಿದರು.

"ಗೋಡೆ ಒದ್ದೆಯಂತಲ್ಲ ಬೀಗಿತಿ? ಪರವಾಗಿಲ್ಲ ಬಿಡಿ, ಬಾಣಂತನ ನಾವೇ ಮಾಡ್ಕೋತೀವಿ. ನಮ್ದು ಮೂರು ಫ್ಲೋರು, ಮೂರೂ ಒಣಗಿ ಗಟ್ಟಿಯಾಗಿದೆ. ತವರಲ್ಲಿ ಆಗ್ಲಿಲ್ಲ ಅಂತ ನಾಲ್ಕು ಜನ ಅಂದ್ರೆ ಅಂದ್ಕೊಳ್ಳಲಿ. ನೀವು ತಲೆ ಕೆಡಿಸ್ಕೋಬೇಡಿ."

ತಲೆ ಕೆಡಿಸ್ಕೋಬೇಡಿ ಅಂದ ಆ ಒಂದು ಮಾತಿಗೆ ಅಮ್ಮಾಜಮ್ಮ ಎರಡು ಹೊತ್ತು ಊಟ ಬಿಟ್ಟಳು. ಮೂರನೇ ಹೊತ್ತಿಗೆ ಉಂಡು, ಅರ್ಜಿ ಬರೆಸಿಕೊಂಡು ಸಮಿತಿಯ ಕಚೇರಿಗೆ ಹೋದಳು.

ಸಮಿತಿಯ ಕಾರ್ಯದರ್ಶಿ ಮುರಳಿಮೋಹನ್ ಅವರು ಒಳ್ಳೆಯ ಮನುಷ್ಯ. ಯಾರ ಅರ್ಜಿಯನ್ನೂ ಬೇಡ ಅಂದವರಲ್ಲ. ಕೂರಿಸಿ, ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಅಮ್ಮಾ, ಉದ್ಯಾನ ಇನ್ನೂ ಉದ್ಘಾಟನೆ ಆಗಿಲ್ಲ."

"ಸರಿ ಸಾರ್."

"ಉದ್ಘಾಟನೆ ಆಗೋ ತನಕ ಪೈಪಲ್ಲಿ ನೀರು ಬಿಡೋ ಹಾಗಿಲ್ಲ. ಆದೇಶ ಇದೆ."

"ಬಿಟ್ಟಿದ್ದೀರಲ್ಲ ಸಾರ್. ಕೊಳದಲ್ಲಿ ಮೀನು ಓಡಾಡ್ತಾ ಇದಾವೆ."

"ಮೀನು ಪ್ರಾಯೋಗಿಕ. ನೀರೂ ಪ್ರಾಯೋಗಿಕ. ಬಿಡದೆ ಇರೋ ನೀರು ಸೋರ್ತಾ ಇದೆ ಅಂತ ನಾನು ಹೆಂಗಮ್ಮ ಬರೆದುಕೊಡ್ಲಿ? ಆಡಿಟ್‌ನೋರು ಕೇಳಿದ್ರೆ?"

"ನನ್ನ ಗೋಡೆ ಮುಟ್ಟಿ ನೋಡ್ಲಿ ಸಾರ್ ಅವರು."

"ಗೋಡೆ ಒದ್ದೆ ಇರಬಹುದು. ಅದು ಸೋರಿಕೆ ಅಂತ ಹೇಳೋಕೆ ಮೊದ್ಲು ಉದ್ಘಾಟನೆ ಆಗ್ಬೇಕು."

ಅಮ್ಮಾಜಮ್ಮ ತಿಂಗಳಲ್ಲಿ ಮೂರು ಅರ್ಜಿ ಕೊಟ್ಟಳು. ಮೂರಕ್ಕೂ ಸ್ವೀಕರಿಸಿದೆ ಅಂತ ಮುದ್ರೆ ಒತ್ತಿದರು. ಮುದ್ರೆ ಕಣ್ಣಿಗೆ ಕಾಣಿಸಲಿಲ್ಲ. ಇಂಕಿನ ಪ್ಯಾಡು ಒಣಗಿಹೋಗಿತ್ತು. ಆ ಸುತ್ತಿನಲ್ಲಿ ಒಣಗಿದ್ದ ವಸ್ತು ಅದೊಂದೇ.

ಅಷ್ಟರಲ್ಲಿ ತೋಟಕ್ಕೆ ಪಾಚಿ ಬಂತು. ಜಪಾನಿನಲ್ಲಿ ಎರಡು ವರ್ಷ ಇದ್ದು ಕಲಿತು ಬಂದ ಬೆಂಗಳೂರಿನ ತಜ್ಞೆ ಹರಿಣಿ ಅನ್ನುವ ಹುಡುಗಿ, ಜಪಾನಿ ತೋಟದ ಜೀವವೇ ಪಾಚಿ, ಕಲ್ಲಿನ ಮೇಲೆ ಪಾಚಿ ಇಲ್ಲದಿದ್ದರೆ ಅದು ಬರೀ ಕಲ್ಲು ಅಂತ ಸಮಿತಿಗೆ ತಿಳಿಸಿ ಹೇಳಿದ್ದಳು. ಘಟ್ಟದ ಕಡೆಯಿಂದ ನಲವತ್ತು ಐಸ್ ಪೆಟ್ಟಿಗೆಯಲ್ಲಿ ಪಾಚಿ ತರಿಸಿ, ಒಂದೊಂದು ಕಲ್ಲಿಗೂ ತಾನೇ ಕೂತು ಅಂಟಿಸಿದಳು. ಅಮ್ಮಾಜಮ್ಮ ಮಾಳಿಗೆ ಮೇಲೆ ಹಪ್ಪಳ ಒಣಗಿಸುತ್ತಾ ಅದನ್ನೆಲ್ಲ ನೋಡಿದಳು. ಜನ ಪಾಚಿ ತೆಗೆಸೋಕೆ ಆಳು ಇಡ್ತಾರೆ, ಇವರು ಹಾಕಿಸೋಕೆ ಇಟ್ಟಿದ್ದಾರೆ ಅಂದುಕೊಂಡು ಹಪ್ಪಳ ತಿರುವಿ ಹಾಕಿದಳು.

ಉದ್ಘಾಟನೆಗೆ ಮುಂಚೆ ಮೇಲಿನವರು ಒಂದು ಸಲ ನೋಡಿಕೊಂಡು ಹೋಗುತ್ತಾರೆ ಅಂತ ಸುದ್ದಿ ಬಂತು. ಸ್ವಚ್ಛತೆಯ ಮೇಸ್ತ್ರಿ ಮಂಡಿಕಲ್ ಕಡೆಯ ಮುನಿವೆಂಕಟಪ್ಪ. ಮೇಲಿನವರು ಬರುತ್ತಾರೆ ಅಂದರೆ ಏನು ಮಾಡಬೇಕು ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂವತ್ತು ವರ್ಷದಿಂದ ಯಾರು ಬಂದರೂ ಅವನು ಮಾಡುವುದು ಒಂದೇ. ಉಜ್ಜಬೇಕು, ಕಲ್ಲಿಗೆ ಸುಣ್ಣ ಹೊಡೆಯಬೇಕು, ಮರಕ್ಕೆ ಕೆಮ್ಮಣ್ಣಿನ ಪಟ್ಟಿ ಬಳಿಯಬೇಕು, ದಾರಿಯ ಎರಡೂ ಕಡೆ ಬ್ಲೀಚಿಂಗ್ ಪೌಡರಿನ ಗೆರೆ ಎಳೆಯಬೇಕು. ಹದಿನೆಂಟು ಜನರನ್ನು ಕಟ್ಟಿಕೊಂಡು ಒಂದೇ ಹಗಲಿನಲ್ಲಿ ಅಷ್ಟನ್ನೂ ಮಾಡಿ ಮುಗಿಸಿದ. ಬಿಳಿ ಜಲ್ಲಿಯ ಮೇಲೆ ಯಾರೋ ಗೀಚಿಹೋಗಿದ್ದರು, ಅದನ್ನೂ ಸಮ ಮಾಡಿಸಿದ.

ಮಾರನೆಯ ಬೆಳಿಗ್ಗೆ ಹರಿಣಿ ಬಂದಳು. ಸೇತುವೆ ಮೇಲೆ ನಿಂತು ಎರಡು ನಿಮಿಷ ಮೀರಿ ಚಿಂತನೆ ಮಾಡಿದಳು.

"ಯಾರು... ಯಾರು ಮಾಡಿದ್ದು ಇದು?"

"ನಾವೇ ಮೇಡಂ," ಅಂದ ಮುನಿವೆಂಕಟಪ್ಪ ತಲೆ ತಗ್ಗಿಸಿ. ಹೊಗಳಿಕೆ ಅವನಿಗೆ ಹಿಡಿಸುವುದಿಲ್ಲ. "ಇಷ್ಟಕ್ಕೆಲ್ಲ ಥ್ಯಾಂಕ್ಸ್ ಯಾಕೆ ಬಿಡಿ. ಪಾಚಿ ಏನು ಗಟ್ಟಿ ಹಿಡಕೊಂಡಿತ್ತು ಅಂತೀರಾ! ತೆಂಗಿನ ನಾರಿಗೆ ಬಗ್ಗಲಿಲ್ಲ ಮೇಡಂ. ತಂತಿ ಬ್ರಷ್ ತರಿಸಿ ನಾನೇ ಕೂತು ಉಜ್ಜಿಸಿದೆ. ಸಾಹೇಬ್ರು ಜಾರಿ ಬಿದ್ರೆ ಯಾರು ಹೊಣೆ?"

ಹರಿಣಿ ಹಾಗೇ ಕಲ್ಲಿನ ದೀಪದ ಮೇಲೆ ಕೂತುಬಿಟ್ಟಳು. ಸುಣ್ಣ ಇನ್ನೂ ಹಸಿಯಾಗಿತ್ತು.

ಮೇಲಿನವರು ಬಂದರು, ನೋಡಿದರು, ಕ್ಲೀನಾಗಿದೆ ಅಂದರು. ಹೋಗುವಾಗ ಅವರಲ್ಲೊಬ್ಬರು, ನಕ್ಷೆಯಲ್ಲಿ ಹಸಿರು ಇತ್ತಲ್ಲ, ಎಲ್ಲಿ ಅಂತ ಕೇಳಿದರು. ಅದಕ್ಕೆ ಉದ್ಘಾಟನೆ ಮುಂದಕ್ಕೆ ಹೋಯಿತು.

ಘಟ್ಟದಲ್ಲಿ ಬೇಸಿಗೆ, ಅಲ್ಲಿಂದ ಇನ್ನು ಪಾಚಿ ಬರುವ ಹಾಗಿರಲಿಲ್ಲ. ಲಭ್ಯವಿರುವ ಪಾಚಿಯ ವಿವರ ಏಳು ದಿನದೊಳಗೆ ಕಳಿಸಿ ಅಂತ ಸುತ್ತೋಲೆ ಹೊರಟಿತು. ಚಿಂತಾಮಣಿಯಿಂದ "ಶೂನ್ಯ" ಅಂತ ಬಂತು. ಶಿಡ್ಲಘಟ್ಟದಿಂದ "ಪಾಚಿ ಇರುವುದಿಲ್ಲ, ಹಿಪ್ಪುನೇರಳೆ ಸೊಪ್ಪಾದರೆ ಎಷ್ಟು ಬೇಕಾದರೂ ಕಳಿಸಬಹುದು" ಅಂತ ಬಂತು. ಗೌರಿಬಿದನೂರಿನಿಂದ ಒಂದು ಪ್ರಶ್ನೆ ಬಂತು: "ಪಾಚಿ ಇರುವುದು ಅಪರಾಧವೋ, ಇಲ್ಲದಿರುವುದು ಅಪರಾಧವೋ ಎಂಬ ಬಗ್ಗೆ ಸ್ಪಷ್ಟೀಕರಣ ನೀಡಿದಲ್ಲಿ ಅದರಂತೆ ವರದಿ ಸಲ್ಲಿಸಲಾಗುವುದು."

ಮಾಡಿದ ಕೆಲಸಕ್ಕೆ ಹೊಗಳಿಕೆಯ ಬದಲು ನೋಟೀಸು ಬಂದಿದ್ದರಿಂದ ಮುನಿವೆಂಕಟಪ್ಪನಿಗೆ ಹೇಗಾದರೂ ಪಾಚಿ ಹುಡುಕಿಕೊಡಬೇಕಾಗಿತ್ತು. ಅವನಿಗೆ ಅಮ್ಮಾಜಮ್ಮನ ಗೋಡೆ ಜ್ಞಾಪಕಕ್ಕೆ ಬಂತು.

ಮುರಳಿಮೋಹನ್, ಹರಿಣಿ, ಮುನಿವೆಂಕಟಪ್ಪ, ಮೂವರೂ ಹಿತ್ತಲಿಗೆ ಬಂದಾಗ ಅಮ್ಮಾಜಮ್ಮ, ಸದ್ಯ, ಸೋರಿಕೆ ನಿಲ್ಲಿಸೋಕೆ ಬಂದರು ಅಂತ ಮಜ್ಜಿಗೆ ಕೊಟ್ಟಳು. ಹರಿಣಿ ಮಜ್ಜಿಗೆ ಕುಡಿಯಲಿಲ್ಲ. ಚಪ್ಪಲಿ ಬಿಟ್ಟು, ಗೋಡೆಯ ಮುಂದೆ ಮಂಡಿಯೂರಿ, ಬೆರಳಿನ ಹಿಂಬದಿಯಿಂದ ಕೂಸಿನ ಕೆನ್ನೆ ಸವರುವ ಹಾಗೆ ಪಾಚಿ ಸವರಿದಳು. ಕಣ್ಣಲ್ಲಿ ನೀರು ಬಂದಿತ್ತು.

"ಸಾರ್, ಇಂಥ ಪಾಚಿ ನಾನು ಜಪಾನಿನಲ್ಲೂ ನೋಡಿಲ್ಲ. ಎಷ್ಟು ವರ್ಷದ್ದಮ್ಮ ಇದು?"

"ಎಲ್ಲಿ ವರ್ಷ? ಹೋದ ಆಷಾಢದಿಂದ ಸೋರ್ತಿರೋದು."

"ಒಂದೇ ವರ್ಷಕ್ಕೆ ಇಷ್ಟು ದಟ್ಟ ಬರಲ್ಲ. ಏನು ಹಾಕ್ತೀರ ಇದಕ್ಕೆ?"

"ಶಾಪ ಹಾಕ್ತೀನಮ್ಮ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ."

ಹರಿಣಿ ಅದನ್ನೂ ಬರೆದುಕೊಂಡಳು.

ವಾರದೊಳಗೆ ಆದೇಶ ಬಂತು. ಗೋಡೆಗೇ ಅಂಟಿಸಬೇಕೆಂದಿದ್ದರು, ಒದ್ದೆಗೆ ನಿಲ್ಲಲಿಲ್ಲ, ಕೈಗೆ ಕೊಟ್ಟರು.

"ವಿಷಯ: ಶ್ರೀಮತಿ ಅಮ್ಮಾಜಮ್ಮನವರ ಹಿಂಬದಿಯ ಗೋಡೆಯನ್ನು ಪಾಚಿ ಮೂಲ ಸಂರಕ್ಷಿತ ಗೋಡೆ ಎಂದು ಘೋಷಿಸುವ ಬಗ್ಗೆ. ಉಲ್ಲೇಖ: ಸದರಿಯವರ ಮೂರು ಅರ್ಜಿಗಳು. ಸದರಿ ಸೋರಿಕೆಯನ್ನು ಸಮಿತಿಯು ಈ ಮೂಲಕ ತನ್ನ ವಶಕ್ಕೆ ಪಡೆದಿದ್ದು, ಅದು ಯಾವುದೇ ಕಾರಣಕ್ಕೂ ಕಡಿಮೆಯಾಗದಂತೆ ನೋಡಿಕೊಳ್ಳತಕ್ಕದ್ದು. ಗೋಡೆಯಿಂದ ಇಪ್ಪತ್ತು ಅಡಿಯೊಳಗೆ ಬಿಸಿನೀರು, ಹೊಗೆ, ಸಾಬೂನು, ಸಾಂಬ್ರಾಣಿ ಹಾಗೂ ಒಣಗಿಸುವ ಉದ್ದೇಶದ ಯಾವುದೇ ಕ್ರಮವನ್ನು ನಿಷೇಧಿಸಿದೆ."

ಅವತ್ತಿನಿಂದ ಮುನಿವೆಂಕಟಪ್ಪ ದಿನಾ ಬೆಳಿಗ್ಗೆ ಬಂದು ಸೋರಿಕೆ ಸರಿಯಾಗಿದೆಯೇ ಅಂತ ನೋಡಿ ಪುಸ್ತಕದಲ್ಲಿ ಗುರುತು ಹಾಕತೊಡಗಿದ. ಪಾಚಿಯನ್ನು ಅಂಗೈಯಗಲ ಕತ್ತರಿಸಿ ಒಯ್ದು ತೋಟದ ಕಲ್ಲುಗಳಿಗೆ ಅಂಟಿಸಿದರು. ಕತ್ತರಿಸಿದ ಕಡೆ ಮತ್ತೆ ಬೆಳೆಯಲಿ ಅಂತ ನೀರು ಇನ್ನಷ್ಟು ಜೋರಾಗಿ ಬಿಟ್ಟರು. ಕೋಣೆಯೊಳಗೆ ಹಾಸಿದ ಚಾಪೆ ಎರಡು ದಿನಕ್ಕೆ ಮೊಳಕೆ ವಾಸನೆ ಹಿಡಿಯಿತು. ಶಿರೀಷಾಗೆ ಎಂಟು ತಿಂಗಳು.

ಅಮ್ಮಾಜಮ್ಮ ಸೆರಗು ಬಿಗಿದುಕೊಂಡು ಕಚೇರಿಗೆ ಹೋದಳು.

"ಏನು ಸಾರ್ ಇದು? ಸೋರೋದು ನಿಲ್ಸಿ ಅಂತ ನಾನು ಬರೆದುಕೊಟ್ರೆ!"

"ನೀವು ಬರೆದಿರೋದು, ಸೋರಿಕೆ ಕಡೆ ಸಮಿತಿ ಗಮನ ಹರಿಸ್ಬೇಕು ಅಂತ. ಮೊದ್ಲು ಯಾರೂ ಹರಿಸ್ತಿರ್ಲಿಲ್ಲ. ಈಗ ಮೂರು ಜನ ಹರಿಸ್ತಾ ಇದ್ದೀವಿ."

"ಬಾಣಂತಿಗೆ ಬಿಸಿನೀರು ಹಾಕಂಗಿಲ್ವಂತೆ. ತಣ್ಣೀರು ಹಾಕ್ಲಾ? ನಿಮ್ಮನೇಲಿ ಹಂಗೇ ಮಾಡಿದ್ರಾ?"

"ನಮ್ಮನೇಲಿ ಪಾಚಿ ಇರ್ಲಿಲ್ಲ ಅಮ್ಮ," ಅಂದರು ಮುರಳಿಮೋಹನ್, ನಿಜವಾಗಿಯೂ ಬೇಸರದಿಂದ.

ಆಯಮ್ಮ ಮನೆಗೆ ಬಂದು ಆದೇಶವನ್ನು ಒಲೆಗೆ ಹಾಕುವುದರಲ್ಲಿದ್ದಳು. ಆ ವೇಳೆಗೆ ಸೀಮಂತ ಮುಗಿಸಿಕೊಂಡು ಶಿರೀಷಾ ತವರಿಗೆ ಬಂದಿದ್ದಳು, ಅತ್ತೆ ಬೇಡ ಬೇಡ ಅಂದರೂ. ಟೀಚರಾದ್ದರಿಂದ ಬರೆದದ್ದು ಏನು ಕಂಡರೂ ಕೊನೆಯವರೆಗೆ ಓದುವ ಚಟ. ಕೆಂಪು ಪೆನ್ನು ಹಿಡಿದು, ತಪ್ಪು ತಿದ್ದುತ್ತಾ ತಿದ್ದುತ್ತಾ ಎರಡನೇ ಪುಟಕ್ಕೆ ಬಂದವಳು ನಿಂತಳು.

"ಅಮ್ಮಾ, ಏಳನೇ ಷರತ್ತು ಓದಿದ್ಯಾ?"

"ನಂದು ಮೂರನೇ ಕ್ಲಾಸು ಕಣೇ. ಏಳರ ತನಕ ಎಲ್ಲಿ ಹೋಗ್ಲಿ?"

ಆ ಕಚೇರಿಯಲ್ಲಿ ಆದೇಶ ಬರೆಯುವ ಕ್ರಮ ಎಲ್ಲ ಕಚೇರಿಗಳ ಹಾಗೇ. ಹಳೆಯದೊಂದನ್ನು ಎದುರಿಗಿಟ್ಟುಕೊಂಡು ಹೆಸರು, ತಾರೀಖು ಬದಲಾಯಿಸುವುದು. ನೀರಿನ ವಿಷಯ ಅಂತ ಗುಮಾಸ್ತ ಹುಡುಕಿದಾಗ ಅವನಿಗೆ ಸಿಕ್ಕಿದ್ದು ಯಾವುದೋ ಕಾಲದ ಅಣೆಕಟ್ಟಿನ ಮುಳುಗಡೆ ಆದೇಶ. ಪಾಚಿ, ಗೋಡೆ ಅಂತ ಮೊದಲ ಪುಟದಲ್ಲಿ ಸೇರಿಸಿ, ಎರಡನೇ ಪುಟವನ್ನು ಇದ್ದ ಹಾಗೇ ಬಿಟ್ಟಿದ್ದ. ಶಿರೀಷಾ ಗಟ್ಟಿಯಾಗಿ ಓದಿದಳು:

"ಮುಳುಗಡೆಯಿಂದ ಬಾಧಿತವಾಗುವ ಕುಟುಂಬದಲ್ಲಿ ಗರ್ಭಿಣಿ ಅಥವಾ ಬಾಣಂತಿ ಇದ್ದಲ್ಲಿ, ಪ್ರಾಧಿಕಾರದ ವಶದಲ್ಲಿ ಖಾಲಿ ಇರುವ ಒಣ ಕಟ್ಟಡವೊಂದನ್ನು, ಸದರಿ ಮುಳುಗಡೆಯು ಮುಂದುವರಿಯುವಷ್ಟು ಕಾಲ, ಅವರ ವಾಸಕ್ಕೆ ಒದಗಿಸತಕ್ಕದ್ದು."

ತಾಯಿ ಮಗಳು ಇಬ್ಬರೂ ಕಚೇರಿಗೆ ಹೋದರು. ಮುರಳಿಮೋಹನ್ ಅವರು ಏಳನೇ ಷರತ್ತನ್ನು ಮೂರು ಸಲ ಓದಿ, ಕೆಳಗೆ ತಮ್ಮದೇ ಸಹಿ ಇರುವುದನ್ನು ನೋಡಿದರು. ಷರತ್ತು ತೆಗೆಯಬೇಕಾದರೆ ಆದೇಶ ರದ್ದಾಗಬೇಕು. ಆದೇಶ ರದ್ದಾದರೆ ಗೋಡೆ ಹೋಗುತ್ತದೆ, ಗೋಡೆ ಹೋದರೆ ಪಾಚಿ ಹೋಗುತ್ತದೆ, ಪಾಚಿ ಹೋದರೆ ಉದ್ಘಾಟನೆ ಹೋಗುತ್ತದೆ. ಸಮಿತಿಯ ವಶದಲ್ಲಿ ಖಾಲಿ ಇದ್ದದ್ದು, ಒಣಗಿದ್ದದ್ದು, ಒಂದೇ ಒಂದು ಕಟ್ಟಡ. ಸಂಜೆ ನಾಲ್ಕೂವರೆಗೆ ಚಹಾ ಮನೆಯ ಬೀಗದ ಕೈ ಅಮ್ಮಾಜಮ್ಮನ ಸೊಂಟಕ್ಕೆ ಬಂತು.

ಪೆದ್ದಮ್ಮ ಮೊದಲು ಒಳಗೆ ಹೋಗಿ ಪರೀಕ್ಷೆ ಮಾಡಿದಳು. ಬಗ್ಗಿ ಹೋಗಬೇಕಾದ ಗಿಡ್ಡ ಬಾಗಿಲು. ಎಲ್ಲೂ ಗಾಳಿ ನುಗ್ಗುವ ಸಂದಿಯಿಲ್ಲ. ಕಾಲಿಗೆ ಬೆಚ್ಚಗಿರುವ ಚಾಪೆ ಹಾಸಿನ ನೆಲ. ನೆಲದಲ್ಲೇ ಗುಣಿ ತೋಡಿ ಮಾಡಿದ ಕೆಂಡದ ಒಲೆ, ಅದರ ಮೇಲೆ ಒಂದು ಕಬ್ಬಿಣದ ಕೆಟಲ್. ಹಿಂದುಗಡೆ ನೀರು ಕಾಯಿಸಲು, ಪಾತ್ರೆ ತೊಳೆಯಲು ಬೇರೆ ಜಾಗ.

"ಈ ಜಪಾನ್‌ನೋರು ನಮ್ಮೋರೇ ಕಣೇ ಅಮ್ಮಾಜಿ," ಅಂದಳು. "ಬಾಣಂತನಕ್ಕೆ ಅಂತ್ಲೇ ಕಟ್ಟವ್ರೆ. ಚಹಾ ಗಿಹಾ ಅಂತ ಹೆಸರು ಇಟ್ಟಿರಾದು, ಗಂಡಸ್ರು ಕಾಸು ಕೊಡ್ಲಿ ಅಂತ."

ಆಸ್ಪತ್ರೆಯಲ್ಲಿ ಹೆಣ್ಣು ಕೂಸಾಯಿತು. ಐದನೇ ದಿನ ತಾಯಿ ಮಗುವನ್ನು ಕೆಂಪು ಸೇತುವೆ ದಾಟಿಸಿ ಚಹಾ ಮನೆಗೆ ಕರೆತಂದರು. ಎಣ್ಣೆ, ಬಿಸಿನೀರು, ಸಾಂಬ್ರಾಣಿ, ಮೆಣಸಿನ ಸಾರು, ಎಲ್ಲ ಕ್ರಮವಾಗಿ ನಡೆಯಿತು. ಕೂಸಿನ ಬಟ್ಟೆಯನ್ನು ಬಿದಿರಿನ ಗಳುಗಳ ಮೇಲೆ ಸಾಲಾಗಿ ಹರವಿದ್ದನ್ನು ಕಂಡು ಹರಿಣಿ ಮೊದಲ ದಿನ ಬಾಯಿ ಬಿಟ್ಟಳು. ಎರಡನೇ ದಿನ ಫೋಟೋ ತೆಗೆದಳು.

ಉದ್ಘಾಟನೆಯ ದಿನ ನಿಗದಿಯಾಗಿದ್ದು ಬಾಣಂತನದ ಹನ್ನೊಂದನೇ ದಿನಕ್ಕೆ. ಮುಖ್ಯ ಅತಿಥಿ ಜಪಾನಿನವರೇ ಆಗಬೇಕು ಅಂತ ಹುಡುಕಿ, ಯಾವುದೋ ಕಾರ್ಖಾನೆಯಲ್ಲಿ ಮೆಷಿನ್ ಜೋಡಿಸಲು ಬಂದಿದ್ದ ನಿಶಿಮುರ ಅನ್ನುವವರನ್ನು ಕರೆತಂದರು. ನನಗೆ ತೋಟದ ವಿಷಯ ಏನೂ ಗೊತ್ತಿಲ್ಲ, ಜೊತೆಗೆ ಒಂದು ವಾರದಿಂದ ನೆಗಡಿ ಅಂದರಂತೆ. ಗೊತ್ತಿರಬೇಕಾಗಿಲ್ಲ, ಬಂದರೆ ಸಾಕು ಅಂತ ಸಮಿತಿ ಹೇಳಿತು.

ಕಾರ್ಯಕ್ರಮದ ಪಟ್ಟಿಯಲ್ಲಿ ಹನ್ನೊಂದು ಇಪ್ಪತ್ತಕ್ಕೆ ಚಹಾ ಮನೆ ವೀಕ್ಷಣೆ ಅಂತ ಅಚ್ಚಾಗಿತ್ತು. ಅದನ್ನು ಅಚ್ಚು ಹಾಕಿಸಿದಾಗ ಮನೆ ಖಾಲಿ ಇತ್ತು. ಮುರಳಿಮೋಹನ್ ಅವರು ಎಲ್ಲರನ್ನೂ ಮೀನಿನ ಕಡೆ ತಿರುಗಿಸಲು ತುಂಬ ಪ್ರಯತ್ನಪಟ್ಟರು. ಸಮಿತಿಯ ಅಧ್ಯಕ್ಷರು ಕೇಳಲಿಲ್ಲ. ನೇರವಾಗಿ ಹೋಗಿ ಬಾಗಿಲು ಜರುಗಿಸಿದರು.

ಒಳಗೆ ಹೊಗೆ. ಹೊಗೆಯ ಒಳಗೆ ಕಿವಿಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಗೋಡೆಗೆ ಒರಗಿ, ಕಾಲು ನೀಡಿ ಕೂತ ಶಿರೀಷಾ. ಒಲೆಯ ಮುಂದೆ ಕೆಟಲ್ ಹಿಡಿದ ಅಮ್ಮಾಜಮ್ಮ.

"ಯಾರಪ್ಪ ಅದು, ಮೊದ್ಲು ಚಪ್ಪಲಿ ಆಚೆ ಬಿಡಿ," ಅಂದಳು ಆಯಮ್ಮ ತಿರುಗಿಯೂ ನೋಡದೆ. "ಕೈಕಾಲು ತೊಳ್ಕೊಂಡ್ರಾ? ತಲೆ ಬಗ್ಗಿಸ್ಕೊಂಡು ಬನ್ನಿ. ಒಬ್ಬೊಬ್ರೇ. ಮಾತಾಡ್ಬೇಡಿ, ಈಗ ತಾನೆ ಮಲಗಿದೆ. ಬಾಗಿಲು ಹಾಕಿ, ಗಾಳಿ!"

ಅಧ್ಯಕ್ಷರು ಚಪ್ಪಲಿ ಬಿಟ್ಟರು. ಹಿಂದಿನ ಎಂಟು ಜನವೂ ಬಿಟ್ಟರು. ಎಲ್ಲರೂ ಕೈಕಾಲು ತೊಳೆದು, ಬಗ್ಗಿ ಒಳಗೆ ಬಂದು ಸಾಲಾಗಿ ಚಾಪೆಯ ಮೇಲೆ ಕೂತರು. ಮನೆಗೆ ಬಂದವರನ್ನು ಬರಿಗೈಲಿ ಕಳಿಸುವುದು ಅಮ್ಮಾಜಮ್ಮನಿಗೆ ಗೊತ್ತಿಲ್ಲ. ಕೆಟಲ್‌ನಲ್ಲಿ ಇದ್ದದ್ದು ಬಾಣಂತಿ ಕಷಾಯ, ಒಣಶುಂಠಿ, ಮೆಣಸು, ಹಿಪ್ಪಲಿ, ಬೆಲ್ಲ. ಅದನ್ನೇ ಪುಟ್ಟ ಪುಟ್ಟ ಬಟ್ಟಲಿಗೆ ಬಗ್ಗಿಸಿ ಒಬ್ಬೊಬ್ಬರ ಮುಂದೆ ಇಟ್ಟಳು. ಬೇಡ ಅನ್ನಬಾರದು ಅಂತ ಕಣ್ಣಲ್ಲೇ ಹೇಳಿದಳು.

ನಿಶಿಮುರ ಅವರು ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಕುಡಿದರು. ಕಣ್ಣು ಅಗಲ ಮಾಡಿ, ಬಟ್ಟಲು ಕೆಳಗಿಟ್ಟು, ಹಣೆ ನೆಲಕ್ಕೆ ಮುಟ್ಟುವಷ್ಟು ಬಗ್ಗಿ ನಮಸ್ಕಾರ ಮಾಡಿ ಏನೋ ಅಂದರು.

"ಏನಂದ್ರು?" ಅಂತ ಅಧ್ಯಕ್ಷರು ಪಿಸುಗುಟ್ಟಿದರು.

"ಮೂಗು ಬಿಟ್ಟುಕೊಂಡಿತಂತೆ ಸಾರ್," ಅಂದಳು ಹರಿಣಿ.

ಅಧ್ಯಕ್ಷರು ಹೊರಗೆ ಬಂದವರೇ ಮುರಳಿಮೋಹನ್ ಅವರ ಬೆನ್ನು ತಟ್ಟಿದರು. "ಕರೆಕ್ಟಾಗಿ ಮಾಡಿಸಿದ್ದೀರಿ ಕಣ್ರಿ! ಅಲ್ಲೂ ಹಿಂಗೇ. ಒಬ್ಬ ಅಜ್ಜಿ ಚಪ್ಪಲಿ ಬಿಡಿಸಿ, ನೆಲದ ಮೇಲೆ ಕೂರಿಸಿ, ಕಹಿಯಾಗಿ ಏನೋ ಕುಡಿಸಿದ್ರು. ಅಲ್ಲಿ ಅವರು ಬೈದದ್ದು ಅರ್ಥ ಆಗಿರ್ಲಿಲ್ಲ, ಇಲ್ಲಿ ಆಯ್ತು. ಅದೊಂದೇ ವ್ಯತ್ಯಾಸ."

ಅಮ್ಮಾಜಮ್ಮನನ್ನು ಚಹಾ ಮುಖ್ಯಸ್ಥೆ ಅಂತ ನೇಮಿಸಿದರು. ದಿನಾ ಹನ್ನೊಂದು ಗಂಟೆಗೆ ಟಿಕೆಟ್ ಪಡೆದ ಒಂಬತ್ತು ಜನಕ್ಕೆ ದರ್ಶನ, ಕಷಾಯ, ಬೈಗುಳ. ಬೆಂಗಳೂರಿನಿಂದ ಕಾರು ಮಾಡಿಕೊಂಡು ಜನ ಬರತೊಡಗಿದರು. ಕೂಸು ಅತ್ತರೆ ಏನು ಮಾಡುವುದು ಅಂತ ಪ್ರಶ್ನೆ ಬಂದಾಗ, ಆರು ತಿಂಗಳೊಳಗಿನವರಿಗೆ ಮೌನದ ನಿಯಮದಿಂದ ವಿನಾಯಿತಿ ಸಿಕ್ಕಿತು.

ಎರಡು ತಿಂಗಳು ಹೀಗೆ ಸುಖವಾಗಿ ನಡೆಯಿತು. ಆಮೇಲೆ ಆ ಸಲದ ಮಳೆ ಕೈಕೊಟ್ಟು, ಬೋರ್‌ವೆಲ್ಲಿನಲ್ಲಿ ನೀರು ಇಳಿದು, ಸೋರಿಕೆ ಸಣ್ಣಗಾಯಿತು. ಅಮ್ಮಾಜಮ್ಮ ದಿನಕ್ಕೆ ನಾಲ್ಕು ಸಲ ಗೋಡೆ ಮುಟ್ಟಿ ನೋಡತೊಡಗಿದಳು. ಏಳನೇ ಷರತ್ತು ಅವಳಿಗೆ ಈಗ ಬಾಯಿಪಾಠ. ಮುಳುಗಡೆ ಮುಂದುವರಿಯುವಷ್ಟು ಕಾಲ. ಗೋಡೆ ಒಣಗಿದರೆ ಮುಳುಗಡೆ ಮುಗಿಯಿತು, ಮುಳುಗಡೆ ಮುಗಿದರೆ ಬಾಣಂತಿ ಬೀದಿಗೆ. ಅಲ್ಲ, ಬೀದಿಗಾದರೂ ಹೋಗಬಹುದು, ಗೌರಿಬಿದನೂರಿನ ಮೂರು ಫ್ಲೋರಿಗೆ ಹೋಗಬೇಕಾಗುತ್ತದೆ. ಆಯಮ್ಮ ಬೆಳಿಗ್ಗೆ ಎದ್ದು ಕೊಡದಲ್ಲಿ ನೀರು ತಂದು ತನ್ನ ಗೋಡೆಗೆ ತಾನೇ ಹೊಯ್ಯತೊಡಗಿದಳು.

ಅಂಥ ಒಂದು ಬೆಳಿಗ್ಗೆ ಪೈಪು, ಸ್ಪ್ಯಾನರು, ಇಬ್ಬರು ಆಳು ಸಮೇತ ಇಂಜಿನಿಯರ್ ರಮೇಶ್‌ಬಾಬು ಹಿತ್ತಲಿಗೆ ಬಂದರು.

"ಅಮ್ಮಾಜಮ್ಮ ಅಂದ್ರೆ ನೀವೇನಾಮ್ಮ? ನಿಮ್ಮ ಸೋರಿಕೆ ನಿಲ್ಸೋಕೆ ಬಂದಿದ್ದೀವಿ."

ಕೊಡ ಕಂಕುಳಲ್ಲೇ ನಿಂತಿತು. "ಯಾರು ಕರೆದ್ರು ನಿಮ್ಮನ್ನ?"

"ನೀವೇ. ಇದೋ ನಿಮ್ಮ ಸಹಿ. ಮೊದಲನೇ ಅರ್ಜಿ. ಈಗ ನಮ್ಮ ಟೇಬಲ್‌ಗೆ ಬಂದಿದೆ."

ಆಯಮ್ಮ ಪೈಪಿಗೆ ಅಡ್ಡ ನಿಂತಳು. "ಮುಟ್ಟಿ ನೋಡೋಣ! ಮಗಳು ಬಾಣಂತಿ ಇದಾಳೆ. ಸೋರೋದು ನಿಂತ್ರೆ ನಾನು ಎಲ್ಲಿಗೆ ಕರ್ಕೊಂಡು ಹೋಗ್ಲಿ?"

ರಮೇಶ್‌ಬಾಬು ಎಲ್ಲ ಥರದ ಮನೆ ನೋಡಿದ್ದವರು. ಗಲಾಟೆಗೆ ಮುರಳಿಮೋಹನ್ ಓಡಿ ಬಂದರು. ಸೋರಿಕೆ ಕಾಪಾಡಬೇಕು ಅಂತ ಅವರ ಹತ್ತಿರ ಆದೇಶ ಇತ್ತು. ಸೋರಿಕೆ ದುರಸ್ತಿ ಮಾಡಿ ವರದಿ ಕೊಡಬೇಕು ಅಂತ ಇವರ ಹತ್ತಿರ ಆದೇಶ ಇತ್ತು. ಎರಡಕ್ಕೂ ಒಂದೇ ಕಚೇರಿಯ ಮುದ್ರೆ. ಇಬ್ಬರೂ ಹಿತ್ತಲ ಕಲ್ಲಿನ ಮೇಲೆ ಕೂತು ಮಜ್ಜಿಗೆ ಕುಡಿದರು.

"ದುರಸ್ತಿ ಮಾಡ್ದೇ ಹೋದ್ರೆ ನನ್ನ ತಲೆ ಹೋಗ್ತದೆ," ಅಂದರು ರಮೇಶ್‌ಬಾಬು.

"ಮಾಡಿದ್ರೆ ನಂದು ಹೋಗ್ತದೆ," ಅಂದರು ಮುರಳಿಮೋಹನ್.

ಅಮ್ಮಾಜಮ್ಮ ಇಬ್ಬರ ತಲೆಯನ್ನೂ ನೋಡಿದಳು. "ಅಲ್ಲ ಸಾರ್, ದುರಸ್ತಿ ಅಂದ್ರೆ ಏನು? ಕೆಟ್ಟಿರೋದನ್ನ ಸರಿ ಮಾಡೋದು ತಾನೆ? ಹತ್ತು ದಿನದಿಂದ ಸರಿಯಾಗಿ ಸೋರ್ತಾ ಇಲ್ಲ. ನೋಡಿ, ನಾನು ಕೊಡ ಹೊರ್ತಾ ಇದ್ದೀನಿ. ಕೆಟ್ಟಿರೋದು ಅದು. ಅದನ್ನ ಸರಿ ಮಾಡಿ."

ಇಬ್ಬರೂ ಮಜ್ಜಿಗೆ ಲೋಟ ಕೆಳಗಿಟ್ಟರು. ಆಮೇಲೆ ರಮೇಶ್‌ಬಾಬು ಆಳುಗಳಿಗೆ ಸನ್ನೆ ಮಾಡಿದರು. ಹಳೇ ಜಾಯಿಂಟು ಬಿಚ್ಚಿ, ಹೊಸದು ಹಾಕಿ, ಅದಕ್ಕೆ ಅಳತೆ ಪ್ರಕಾರ ತೂತು ಕೊರೆದರು. ವರದಿ ಹೀಗಿದೆ: "ಸದರಿ ಸೋರಿಕೆಯನ್ನು ಸ್ಥಳ ಪರಿಶೀಲಿಸಿ ದುರಸ್ತಿ ಮಾಡಲಾಗಿದ್ದು, ಅದು ಈಗ ಉತ್ತಮವಾಗಿ ಸೋರುತ್ತಿದೆ. ಅರ್ಜಿದಾರರು ತೃಪ್ತಿ ವ್ಯಕ್ತಪಡಿಸಿರುತ್ತಾರೆ." ಕೆಳಗೆ ಮೂವರ ಸಹಿ. ಅಮ್ಮಾಜಮ್ಮನದು ಸ್ವಲ್ಪ ಒದ್ದೆಯಾಗಿದೆ.

ಐದು ತಿಂಗಳು ತುಂಬಿ ಶಿರೀಷಾ ಗುಂಡಗಿನ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೊರಟಾಗ ಸಮಿತಿಗೆ ಚಿಂತೆ ಹತ್ತಿತು. ಬಾಣಂತಿ ಇಲ್ಲದ ಚಹಾ ಮನೆಗೆ ಯಾರು ಬರುತ್ತಾರೆ? ಪ್ರಕಟಣೆ ಹೊರಟಿತು:

"ಚಹಾ ಮನೆಯಲ್ಲಿ ಎಲ್ಲ ಕಾಲದಲ್ಲೂ ಒಬ್ಬ ಬಾಣಂತಿ ಇರತಕ್ಕದ್ದು. ಅರ್ಹರು ಅರ್ಜಿ ಸಲ್ಲಿಸಬಹುದು. ತವರಿನ ಗೋಡೆಯು ಸೋರುತ್ತಿದ್ದು, ಕನಿಷ್ಠ ಒಂದು ಚದರ ಅಡಿ ಪಾಚಿ ಹೊಂದಿರುವ ಬಗ್ಗೆ ಪ್ರಮಾಣಪತ್ರ ಲಗತ್ತಿಸುವುದು ಕಡ್ಡಾಯ. ಕೂಸಿನ ತಂದೆಗೆ ಸಂಜೆ ಐದರಿಂದ ಆರರವರೆಗೆ ಮಾತ್ರ ಪ್ರವೇಶ, ಟಿಕೆಟ್ ಪ್ರತ್ಯೇಕ."

ಮೊದಲ ವಾರದಲ್ಲೇ ನೂರ ಮೂವತ್ತು ಅರ್ಜಿ ಬಂದವು. ಚಿಂತಾಮಣಿಯ ಕವಿತ ಅನ್ನುವವಳಿಗೆ ಮೊದಲ ಅವಕಾಶ ಸಿಕ್ಕಿತು. ಪೆದ್ದಮ್ಮನಿಗೆ ಸಮಿತಿಯಿಂದ ಗುರುತಿನ ಚೀಟಿ ಬಂತು. ಅವಳು ಅದನ್ನು ಕತ್ತಿಗೆ ಹಾಕಿಕೊಂಡೇ ನೀರು ಹಾಕುತ್ತಾಳೆ.

ಒಂದು ದಿನ ಮಧ್ಯಾಹ್ನ ಗೌರಿಬಿದನೂರಿನಿಂದ ಆದಿಲಕ್ಷ್ಮಮ್ಮನವರ ಫೋನ್ ಬಂತು. ಸೊಸೆಯ ಬಾಣಂತನ ಜಪಾನಿನಲ್ಲಾಯಿತು ಅಂತ ಅವರು ಬೀದಿಯಲ್ಲೆಲ್ಲ ಹೇಳಿಕೊಂಡು ಆಗಿತ್ತು.

"ಬೀಗಿತಿ, ನಮ್ಮ ಮಗಳು ಮೌನಿಕಾಗೆ ಈಗ ಆರು ತಿಂಗಳು. ಅವಳಿಗೂ ಅಲ್ಲೇ ಒಂದು ಏರ್ಪಾಡು ಮಾಡಿಕೊಡಬೇಕು."

"ನಿಮ್ದು ಮೂರು ಫ್ಲೋರು ಇದೆಯಲ್ಲ ಬೀಗಿತಿ."

"ಇದೆ. ಮೂರೂ ಒಣಗಿದೆ, ಅದೇ ತಾಪತ್ರಯ." ಆದಿಲಕ್ಷ್ಮಮ್ಮನವರ ದನಿ ಅಷ್ಟು ಮೆತ್ತಗೆ ಇದ್ದದ್ದನ್ನು ಅಮ್ಮಾಜಮ್ಮ ಅದುವರೆಗೆ ಕೇಳಿರಲಿಲ್ಲ. "ಮೇಲಿನ ಟ್ಯಾಂಕಿನ ಪೈಪಿಗೆ ತೂತು ಹೊಡೆಸಿ ಹದಿನೈದು ದಿನ ಆಯ್ತು. ಗೋಡೆಯೇನೋ ನೆನೆದಿದೆ. ಹಸಿರೇ ಬರ್ತಿಲ್ಲ. ನೀವು ಏನು ಹಾಕ್ತಿದ್ರಿ ಅದಕ್ಕೆ?"

"ನೀರೊಂದೇ ಸಾಲದು ಬೀಗಿತಿ," ಅಂದಳು ಅಮ್ಮಾಜಮ್ಮ, ಕೆಟಲ್ ಕೆಳಗಿನ ಕೆಂಡ ಕೆದಕುತ್ತಾ. "ಶಾಪ ಹಾಕ್ಬೇಕು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ತಪ್ಪಿಸಬಾರದು."

"ಸ್ವಲ್ಪ ಇರಿ, ಪೆನ್ನು ತಗೋತೀನಿ," ಅಂದರು ಆದಿಲಕ್ಷ್ಮಮ್ಮ.